ಅಣ್ಣ ನಾಲ್ಕು ಅಂದ, ತಮ್ಮ ಐದು ಅಂದ

ಆ ವರ್ಷ ಪ್ರಾಚಾರ್ಯರು ವಿದ್ಯಾರ್ಥಿವೇತನದ ಕೆಲಸವನ್ನು ಎರಡು ಪಾಲು ಮಾಡಿದರು. ಹೊಸ ಅರ್ಜಿಗಳೆಲ್ಲ ನಮ್ಮದೇ ಸಂಸ್ಥೆಯ ಲಿಂಗಸುಗೂರು ಕಾಲೇಜಿನಿಂದ ವರ್ಗವಾಗಿ ಬಂದಿದ್ದ ಮೇಡಂಗೆ. ತಿರಸ್ಕೃತವಾದವು, ಬಾಕಿ ಉಳಿದವು, ತಕರಾರು ಇದ್ದವು ನನಗೆ. "ನಿಮಗ ಅನುಭವ ಐತಿ ಮೇಡಂ, ಕಷ್ಟದ್ದು ನೀವ ನೋಡ್ರಿ," ಎಂದು ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ನಗುತ್ತ ಬಂದು ನಗುತ್ತ ಹೋಗುವ ಮಕ್ಕಳು ಅವಳ ಪಾಲಿಗೆ ಬಂದರು, ಕಣ್ಣೊರೆಸಿಕೊಂಡು ಬರುವವರು ನನ್ನ ಪಾಲಿಗೆ.

ಸಿಂಧನೂರಿನ ನಮ್ಮ ಕಾಲೇಜಿನ ಕಚೇರಿ ಉದ್ದನೆಯ ಒಂದೇ ಕೋಣೆ. ಬಾಗಿಲ ಹತ್ತಿರ ಫ್ಯಾನಿನ ಕೆಳಗೆ ಅವಳ ಟೇಬಲ್ಲು, ಹಿಂದೆ ಕಪಾಟುಗಳ ಸಂದಿಯಲ್ಲಿ ನನ್ನದು. ಅವಳಿಗೂ ನನ್ನದೇ ವಯಸ್ಸು, ನನ್ನದೇ ಹುದ್ದೆ, ನನ್ನಷ್ಟೇ ಪಗಾರ. ಆದರೆ ಬಂದ ತಿಂಗಳೊಳಗೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಮಾಡಿದಳು, ಯಾವ ಕಾಗದ ಬೇಕು ಎಂದು ತನ್ನದೇ ದನಿಯಲ್ಲಿ ಹೇಳಿ ಕಳಿಸತೊಡಗಿದಳು. ಹುಡುಗಿಯರು ಅವಳನ್ನು "ಅಕ್ಕಾ" ಅನ್ನುತ್ತಿದ್ದರು. ನನ್ನನ್ನು ಯಾರೂ ಒಂದು ದಿನವೂ ಅಕ್ಕಾ ಎಂದಿರಲಿಲ್ಲ. ಒಮ್ಮೆ ಹೊಸ ಹುಡುಗನೊಬ್ಬ ಬಂದು "ಸ್ಕಾಲರ್‌ಶಿಪ್ ಮೇಡಂ ಎಲ್ಲಿ ಕೂಡ್ತಾರ್ರಿ?" ಎಂದು ಕೇಳಿದಾಗ ನಮ್ಮ ಜವಾನ ಕಣ್ಣು ಮಿಟುಕಿಸದೆ ಅವಳ ಕಡೆ ಬೆರಳು ಮಾಡಿದ. ಅಷ್ಟು ವರ್ಷ ಆ ಹೆಸರು ನನ್ನದಾಗಿತ್ತು. ಮತ್ಸರ ಅನ್ನಿ, ಹೊಟ್ಟೆಕಿಚ್ಚು ಅನ್ನಿ, ನಾನು ಅದಕ್ಕೆ ಚಂದದ ಹೆಸರು ಹುಡುಕಲು ಹೋಗುವುದಿಲ್ಲ. ಅವತ್ತು ಮಧ್ಯಾಹ್ನ ಡಬ್ಬಿ ತೆರೆದವಳು ಹಾಗೆಯೇ ಮುಚ್ಚಿಟ್ಟೆ.

ಹೀಗಿರುವಾಗ ಬಳಗಾನೂರಿನ ಹುಡುಗಿಯ ಪ್ರಸಂಗ ಬಂತು. ಬಿ.ಎಸ್ಸಿ. ಎರಡನೆಯ ವರ್ಷ, ಓದಿನಲ್ಲಿ ಚುರುಕು. ಮೊದಲ ವರ್ಷ ಅವಳಿಗೆ ಶುಲ್ಕ ವಿನಾಯಿತಿ ಸಿಕ್ಕಿತ್ತು. ಆಗ ಕೊಟ್ಟಿದ್ದ ಆದಾಯ ಪ್ರಮಾಣಪತ್ರದ ಅವಧಿ ಬೇಸಿಗೆಯಲ್ಲಿ ಮುಗಿದು, ಮನೆಯವರು ಹೊಸದು ಮಾಡಿಸಿದ್ದರು. ಅವಳು ಲಿಂಗಸುಗೂರು ಮೇಡಂ ಮುಂದೆ ಸಾಲಿನಲ್ಲಿ ನಿಂತು, ಆ ಪ್ರಮಾಣಪತ್ರದ ಸಂಖ್ಯೆ ಕೊಟ್ಟಳು. ಪರದೆಯ ಮೇಲೆ ಕೆಂಪಕ್ಷರ ಬಂತು.

"ನೀ ಎಲಿಜಿಬಲ್ ಇಲ್ಲ ತಂಗಿ," ಎಂದಳು ಮೇಡಂ, ಎಂದಿನ ಜೇನಿನ ದನಿಯಲ್ಲಿ. "ನಿಮ್ಮಪ್ಪಾರ ಆದಾಯ ಮಿತಿ ದಾಟೈತಿ. ನಾ ಏನೂ ಮಾಡಾಕ ಬರಂಗಿಲ್ಲವ್ವ."

ಇದರಲ್ಲಿ ಅವಳದೇನೂ ತಪ್ಪಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪೋರ್ಟಲ್ಲಿನಲ್ಲಿ ಆದಾಯವನ್ನು ನಾವು ಕೈಯಿಂದ ತುಂಬುವುದಿಲ್ಲ. ಪ್ರಮಾಣಪತ್ರದ ಸಂಖ್ಯೆ ಒತ್ತಿದರೆ ಕಂದಾಯ ಇಲಾಖೆಯ ಕಡತದಲ್ಲಿ ಏನಿದೆಯೋ ಅದನ್ನು ಅದೇ ಎಳೆದುಕೊಂಡು ಬರುತ್ತದೆ. ವಿದ್ಯಾರ್ಥಿಯ ವರ್ಗಕ್ಕೆ ಇರುವ ಮಿತಿಯ ಜೊತೆ ತಾಳೆ ನೋಡುತ್ತದೆ, ಮಿತಿ ದಾಟಿದ್ದರೆ ಮುಂದಿನ ಪುಟ ತೆರೆಯುವುದೇ ಇಲ್ಲ.

ಹುಡುಗಿ ಬಾಗಿಲು ದಾಟುವಷ್ಟರಲ್ಲಿ ನಾನು ಕಪಾಟಿನ ಸಂದಿಯಿಂದ ಕೂಗಿದೆ. "ಏ ಹುಡುಗಿ, ಬಾ ಇಲ್ಲಿ. ತಿರಸ್ಕೃತ ಆಗಿದ್ದು ನನ್ನ ಟೇಬಲ್ಲಿಗೆ ಬರಬೇಕು." ಇಡೀ ಸಾಲು ತಿರುಗಿ ನೋಡಿತು, ಲಿಂಗಸುಗೂರು ಮೇಡಂ ಕೂಡ ನೋಡಿದಳು. ಆ ಹುಡುಗಿಗಾಗಿ ಕರುಳು ಚುರ್ ಎಂದಿತು ಎಂದು ಬರೆದರೆ ಓದಲು ಚಂದವಿರುತ್ತದೆ. ಆದರೆ ನಿಜ ಅಷ್ಟು ಚಂದವಿರಲಿಲ್ಲ. ಮೇಡಂ ಆಗದು ಎಂದದ್ದನ್ನು ನಾನು ಆಗಿಸಿ ತೋರಿಸಬೇಕಿತ್ತು.

ಹುಡುಗಿಯನ್ನು ಕೂರಿಸಿ ಕೇಳಿದೆ. ತಂದೆಗೆ ಸ್ವಂತದ್ದು ಮೂರು ಎಕರೆ, ಲೀಜಿಗೆ ಮಾಡಿದ್ದು ಎರಡು, ಭತ್ತ ಬೆಳೆಯುತ್ತಾರೆ, ಒಂದು ಎಮ್ಮೆ ಇದೆ. ಪ್ರಮಾಣಪತ್ರ ತೆಗೆದು ನೋಡಿದರೆ ವಾರ್ಷಿಕ ಆದಾಯ ಐದು ಲಕ್ಷ.

"ಐದು ಲಕ್ಷ? ನಿಮ್ಮಪ್ಪ ಎಲ್ಯಾರ ಬಂಗಾರದ ಗಣಿ ಇಟ್ಟಾನೇನವ್ವ?"

"ನನಗ ಗೊತ್ತಿಲ್ರಿ ಮೇಡಂ. ಪತ್ರ ಬಂದಾಗ ಯಾರೂ ನೋಡಿಲ್ರಿ. ಈಗ ನಮ್ಮಪ್ಪ ಅಂದಾನ್ರಿ, ಸ್ಕಾಲರ್‌ಶಿಪ್ ಬಂದ್ರ ಓದು, ಇಲ್ಲಾಂದ್ರ ಇಷ್ಟಕ್ಕ ಸಾಕು ಬಿಡು ಅಂತ."

ಅವಳು ಅಳಲಿಲ್ಲ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೂತಿದ್ದಳು. ಪ್ರಾಚಾರ್ಯರನ್ನು ಕೇಳಿದೆ. ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ ಒಂದೋ ಶುಲ್ಕ ಕಟ್ಟಿರಬೇಕು, ಇಲ್ಲವೇ ವಿನಾಯಿತಿಯ ಅರ್ಜಿ ಮಂಜೂರಾಗಿರಬೇಕು, ಅಲ್ಲಿಯವರೆಗೆ ತಡೆಯುತ್ತೇನೆ ಎಂದರು. ನಾನು ಹುಡುಗಿಗೆ, ಮುಂದಿನ ಟೇಬಲ್ಲಿಗೂ ಕೇಳುವಷ್ಟು ಗಟ್ಟಿಯಾಗಿ, "ಎಂಟು ದಿನದಾಗ ಹೊಸಾ ಸರ್ಟಿಫಿಕೇಟ್ ತರಸ್ತೀನಿ, ನಡಿ," ಎಂದೆ.

ಎಂಟು ದಿನಕ್ಕೆ ಬಂದದ್ದು ಮುಖಭಂಗ. ಹೊಸ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಿದೆವು. ಇವರ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಪ್ರಮಾಣಪತ್ರ ಈಗಾಗಲೇ ಇದೆ ಎಂದು ಕಂಪ್ಯೂಟರು ಅದನ್ನು ತಳ್ಳಿಹಾಕಿತು. ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಒಂದು ಜೀವಂತ ಇರುವಾಗ ಇನ್ನೊಂದು ಹುಟ್ಟುವುದಿಲ್ಲ. ಮೊದಲಿನದು ರದ್ದಾಗಬೇಕು. ಇದು ನನಗೆ ತಿಳಿದಿರಬೇಕಾಗಿತ್ತು. ಆದರೆ ಇಷ್ಟು ವರ್ಷದಲ್ಲಿ ಆದಾಯ ಹೆಚ್ಚು ಬರೆಸಿಕೊಂಡು ಬಂದವರನ್ನು ನಾನು ಕಂಡಿರಲಿಲ್ಲ. ಎಲ್ಲರೂ ಕಮ್ಮಿ ಬರೆಸಲು ಒದ್ದಾಡುವವರೇ. ಲಿಂಗಸುಗೂರು ಮೇಡಂ ಸಾಲಿನ ಮಧ್ಯದಿಂದಲೇ "ಆತೇನ್ರಿ ಮೇಡಂ ಆ ಹುಡುಗಿದು?" ಎಂದು ಕೇಳಿದಳು. ಮೆಣಸಿನಕಾಯಿ ಕಡಿದಂತಾಯಿತು. "ಆಗಾಕತ್ತೈತ್ರಿ," ಎಂದೆ.

ರಜೆ ಹಾಕಿ, ಬಳಗಾನೂರು ಸೇರುವ ಮಸ್ಕಿ ತಾಲೂಕಿನ ತಹಸೀಲ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಕೂರಿಸಿ, ನೀರು ಕೊಟ್ಟು, ತಿಳಿಯುವಂತೆ ಹೇಳಿದರು. ಕೊಟ್ಟ ಪ್ರಮಾಣಪತ್ರವನ್ನು ಸುಮ್ಮನೆ ತಿದ್ದಲು ಬರುವುದಿಲ್ಲ. ಉಪವಿಭಾಗದ ಕಚೇರಿಗೆ ಮೇಲ್ಮನವಿ ಹಾಕಬೇಕು, ಅದು ಲಿಂಗಸುಗೂರಿನಲ್ಲಿದೆ.

ಎಲ್ಲ ಬಿಟ್ಟು ಲಿಂಗಸುಗೂರು! ಅವಳ ಊರು, ಅವಳ ಬಂಧು ಬಳಗ. ಆ ಕಚೇರಿಯಲ್ಲಿ ಯಾವ ಕಿಟಕಿಗೆ ಹೋಗಬೇಕು ಎಂದು ಅವಳನ್ನು ಒಂದು ಮಾತು ಕೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಕೇಳಲಿಲ್ಲ. ನಾಲಿಗೆ ಬಿದ್ದು ಹೋದರೂ ಕೇಳುತ್ತಿರಲಿಲ್ಲ. ಹುಡುಗಿಯ ತಂದೆಯ ಸಹಿ ಇದ್ದ ಮನವಿ, ಬಾಂಡ್ ಕಾಗದದ ಮೇಲಿನ ಪ್ರಮಾಣ, ಪಹಣಿ, ರೇಷನ್ ಕಾರ್ಡಿನ ಪ್ರತಿ ಎಲ್ಲ ಹಿಡಿದುಕೊಂಡು ಹೋಗಿ, ಒಂದು ಸಾಲು ಮುಗಿಸಿ ಇದು ಅಲ್ಲ ಎನಿಸಿಕೊಂಡು ಇನ್ನೊಂದು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಕಿಟಕಿಯ ಹಿಂದಿನವರು ಕಾಗದ ನೋಡಿ ಹುಬ್ಬೇರಿಸಿದರು.

"ಇದ ಮನಿತನದ್ದು ನಿನ್ನೆ ಒಂದು ಬಂದಿತ್ತಲ್ರಿ? ಬಳಗಾನೂರದ್ದು, ಇದ ಅಡ್ಡಹೆಸರು. ಸಿಂಧನೂರು ಕಾಲೇಜಿನ ಮೇಡಮ್ಮಾರ ತಂದಿದ್ರು."

"ಯಾವ ಮೇಡಂ?" ಎಂದೆ, ಉತ್ತರ ಗೊತ್ತಿದ್ದರೂ.

"ನಮ್ಮೂರಾಕಿ ರೀ. ಛಲೋ ಮಾತಾಡ್ತಾರ."

ಅವರೇ ಹೇಳಿದ್ದರಿಂದ ವಿಷಯ ತಿಳಿಯಿತು. ಹುಡುಗಿಯ ದೊಡ್ಡಪ್ಪನ ಮಗ ನಮ್ಮ ಕಾಲೇಜಿನಲ್ಲೇ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದ. ಅವನ ಅರ್ಜಿಯೂ ಅದೇ ಕಾರಣಕ್ಕೆ ಬಿದ್ದಿತ್ತು, ಅವನ ತಂದೆಯ ಪ್ರಮಾಣಪತ್ರದಲ್ಲಿ ನಾಲ್ಕು ಲಕ್ಷ ಇತ್ತು. ತಂಗಿಯದನ್ನು ನಾನು ಕೈಗೆತ್ತಿಕೊಂಡದ್ದು ನೋಡಿ ಅಣ್ಣನದನ್ನು ಅವಳು ಎತ್ತಿಕೊಂಡಿದ್ದಳು. ತಿರಸ್ಕೃತ ಅರ್ಜಿ ನನ್ನ ಪಾಲಿನದಲ್ಲವೇ? ನಾನು ನೆಲ ಹಸನು ಮಾಡಿದರೆ ಇವಳು ಬಿತ್ತಲು ಬರುವುದೇ? ಬಸ್ ನಿಲ್ದಾಣದವರೆಗೆ ಅವಳನ್ನು ಬೈಯುತ್ತಲೇ ನಡೆದೆ. ಹೊಳ್ಳಿ ಬರುವಾಗ ಇನ್ನೊಂದು ಯೋಚನೆ ಬಂದು ಮೈ ಉರಿಯಿತು. ಒಂದು ದಿನ ಮೊದಲೇ ಕೊಟ್ಟಿದ್ದಾಳೆ, ಅವಳದೇ ಮೊದಲು ಆಗುತ್ತದೆ.

ಉಪವಿಭಾಗದಿಂದ ಎರಡೂ ಮನವಿಗಳು ಮರುವಿಚಾರಣೆಗೆಂದು ಊರಿನ ಗ್ರಾಮ ಆಡಳಿತಾಧಿಕಾರಿಗೆ ಹೋದವು. ಅವರು ಒಂದೇ ದಿನ ಇಟ್ಟರು. ವಿಚಾರಣೆ ಮನೆಯ ಮುಂದೆ ಆಗಬೇಕು. ಅರ್ಜಿದಾರ ತನ್ನ ಆದಾಯ ಎಷ್ಟೆಂದು ಪಂಚರ ಎದುರು ಬಾಯಿಬಿಟ್ಟು ಹೇಳಬೇಕು, ಅಧಿಕಾರಿ ಪಹಣಿ ಮತ್ತು ಬೆಳೆಯ ಜೊತೆ ತಾಳೆ ನೋಡಿ ಬರೆಯಬೇಕು, ಅಕ್ಕಪಕ್ಕದ ಹೊಲದವರು ಹೌದೆಂದು ಸಹಿ ಹಾಕಬೇಕು. ಇದಕ್ಕೆ ಪಂಚನಾಮೆ ಎನ್ನುತ್ತಾರೆ. ಹುಡುಗಿಯ ತಂದೆಯ ಪಕ್ಕದ ಹೊಲ ಯಾರದು? ಅವನ ಅಣ್ಣನದು. ಅಣ್ಣನ ಪಕ್ಕದ್ದು ತಮ್ಮನದು.

ಆ ದಿನ ಸಿಂಧನೂರಿನಲ್ಲಿ ಬಳಗಾನೂರಿನ ಬಸ್ಸು ಹತ್ತಿದರೆ ಲಿಂಗಸುಗೂರು ಮೇಡಂ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದಳು. ಪಕ್ಕದಲ್ಲಿ ಜಾಗ ಇತ್ತು. ನಾನು ಕೊನೆಯ ಸೀಟಿಗೆ ಹೋಗಿ ಕೂತೆ. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರು ಅವಳಿಗೆ ಸೊನ್ನೆ ಟಿಕೆಟ್ ಹರಿದುಕೊಟ್ಟು ನನ್ನ ಹತ್ತಿರ ಬಂದು, "ಇಬ್ರೂ ಒಂದ ಕಾಲೇಜಿನವರು ಅಲ್ರೀ? ಅಲ್ಲ್ಯಾಕ ಕೂಡ್ಲಿಲ್ಲ?" ಎಂದ. "ಅಲ್ಲಿ ಬಿಸಿಲು ಬೀಳತೈತಿ," ಎಂದೆ. ಬಿಸಿಲು ಬೀಳುತ್ತಿದ್ದದ್ದು ನನ್ನ ಮುಖದ ಮೇಲೆ.

ಅಣ್ಣತಮ್ಮಂದಿರ ಮನೆ ಮೊದಲು ಒಂದೇ ಆಗಿತ್ತು. ಪಾಲಾದ ಮೇಲೆ ಅಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತ್ತು. ಆ ಕಡೆ ಅವಳು ಹೋದಳು, ಈ ಕಡೆ ನಾನು. ಹುಡುಗಿಯ ತಾಯಿ ಚಾಪೆ ಹಾಸಿ ಚಹಾ ಕೊಟ್ಟಳು. ತಂದೆ ಕಂಬಕ್ಕೆ ಒರಗಿ ನೆಲ ನೋಡುತ್ತ ಕೂತಿದ್ದ. ಐದು ಲಕ್ಷ ಹೇಗೆ ಬಂತು ಎಂದು ಕೇಳಿದರೆ ಹೆಂಡತಿಯೇ ಹೇಳಿದಳು.

"ಏನ್ ಹೇಳ್ಲೆವ್ವ ನಿಮಗ. ನಮ್ಮ ಭಾವಗ ಟ್ರ್ಯಾಕ್ಟರ್ ಸಾಲ ಬೇಕಾಗಿತ್ತು. ಆದಾಯ ಹೆಚ್ಚು ತೋರಸ್ರಿ ಅಂತ ಯಾರೋ ಹೇಳ್ಯಾರ. ಅವತ್ತ ಸಾಹೇಬ್ರು ಇಬ್ಬರದೂ ಕೂಡೇ ಕೇಳಾಕ ಬಂದು, ಆ ಕಡಿ ಹೊರಸಿನ ಮ್ಯಾಲ ಕುಂತಿದ್ರು. ಅವ ನಾಲ್ಕು ಅಂದ. ಇವರು ಗ್ವಾಡಿ ಈ ಕಡಿಯಿಂದ ಐದು ಅಂದ್ರು. ಅವ ಎಂಟು ಅಂದಿದ್ರ ಇವರು ಒಂಬತ್ತು ಅಂತಿದ್ರು!"

ಗಂಡ ತಲೆ ಎತ್ತಲಿಲ್ಲ. "ಸಣ್ಣಾಂವ ಇದ್ದಾಗಿಂದ ನೋಡೀನ್ರಿ," ಎಂದ. "ಪಾಲಾದಾಗ ಮ್ಯಾಲಿನ ಹೊಲ ಅವಂಗ, ಕಾಲುವಿ ನೀರು ಮೊದಲು ಅವಂಗ. ಮಂದಿ ಮುಂದ ಅವ ನಾಲ್ಕು ಅಂತಾನ, ನಾ ಒಂದು ಅನ್ಲೇನ್ರಿ?"

ಆಗಿನ ಅಧಿಕಾರಿ ಹೊಸಬರಂತೆ. ಕಮ್ಮಿ ಹೇಳುವವರ ಮೇಲೆ ಸಂಶಯ ಪಡಬಹುದು, ಹೆಚ್ಚು ಹೇಳುವವನನ್ನು ಯಾರು ಸುಳ್ಳ ಎನ್ನುತ್ತಾರೆ? ಹೇಳಿದ್ದನ್ನು ಬರೆದುಕೊಂಡು ಹೋಗಿದ್ದರು. ಟ್ರ್ಯಾಕ್ಟರ್ ಸಾಲ ಬರಲಿಲ್ಲ. ಎರಡೂ ಮನೆಯ ಮಕ್ಕಳ ವಿದ್ಯಾರ್ಥಿವೇತನ ಹೋಯಿತು.

ನಾನು ತಾಯಿಯ ಜೊತೆ ಕೂತು ಖರೇ ಲೆಕ್ಕ ಹಾಕಿದೆ. ಲೀಜು, ಗೊಬ್ಬರ, ಎಣ್ಣೆ, ನಾಟಿಯ ಆಳು, ಕೊಯ್ಯುವ ಮಷಿನ್ನಿನ ಬಾಡಿಗೆ ಎಲ್ಲ ಕಳೆದು, ಹಾಲಿನದು ಸೇರಿಸಿದರೆ ತೊಂಬತ್ತು ಸಾವಿರದ ಆಜುಬಾಜು ನಿಂತಿತು. ಮಿತಿಯ ಒಳಗೆ. ಸುಳ್ಳು ಹೇಳುವ ಮಾತೇ ಇರಲಿಲ್ಲ, ಇದ್ದದ್ದನ್ನು ಹೇಳಿದರೆ ಸಾಕಿತ್ತು.

"ಇಷ್ಟು ಹೇಳ್ರಿ ಅಣ್ಣಾರ, ಮಗಳು ಓದತಾಳ," ಎಂದೆ.

"ನಾ ಹೇಳಂಗಿಲ್ರಿ." ಮೊದಲ ಸಲ ನನ್ನ ಮುಖ ನೋಡಿದ. "ಬಾಂಡಿನ ಮ್ಯಾಲ ಸಹಿ ಮಾಡು ಅಂದ್ರಿ, ಮಾಡೀನಿ. ಅದನ್ನ ಯಾರೂ ಓದಂಗಿಲ್ಲ. ಆದ್ರ ಅವನ ಎದುರಿಗೆ ನಿಂತು ನಾ ಬಡವ ಅಂತ ಬಾಯಿಲೆ ಹೇಳಿ, ಅದಕ್ಕ ಅವನ ಸಹಿ ಹಾಕಸ್ಕೊಳ್ಳೇನು? ಮಗಳು ಮನ್ಯಾಗ ಇರ್ಲಿ. ಇಜ್ಜತ್ ಹೋದ ಮ್ಯಾಲ ಓದು ತಗೊಂಡು ಏನ್ ಮಾಡೋದೈತಿ?"

ಬಾಗಿಲಲ್ಲಿ ನಿಂತಿದ್ದ ಹುಡುಗಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುವ ಸದ್ದು ಬರತೊಡಗಿತು, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದಳು. ಆಗ ನನಗೆ ನಿಜವಾಗಿ ಭಯವಾಯಿತು. ಅಲ್ಲಿಯವರೆಗೆ ಅವಳು ನನಗೆ ಗೆಲ್ಲಬೇಕಾದ ಪಂದ್ಯವಾಗಿದ್ದಳು. ಈಗ ನಾಳೆಯಿಂದ ಕಾಲೇಜಿಗೆ ಬಾರದೆ ಉಳಿಯುವ ಹುಡುಗಿಯಾದಳು.

ಬುದ್ಧಿ ಹೇಳಲು ಬಾಯಿ ತೆರೆದೆ. ಅಣ್ಣತಮ್ಮಂದಿರು ಹೀಗೆ ಇರಬಾರದು, ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದೆಲ್ಲ. ಯಾವ ಮುಖ ಇಟ್ಟುಕೊಂಡು ಹೇಳಲಿ? ಬಸ್ಸಿನಲ್ಲಿ ಬಿಸಿಲಿಗೆ ಸುಟ್ಟ ಮುಖ ಇನ್ನೂ ಉರಿಯುತ್ತಿತ್ತು.

"ಅಣ್ಣಾರ, ಒಂದು ಮಾತು ಹೇಳ್ತೀನಿ, ನಗಬಾರದು," ಎಂದೆ. "ಗ್ವಾಡಿ ಆ ಕಡಿ ಕುಂತಾರಲ್ಲ ಮೇಡಂ, ಅವರನ್ನ ಕಂಡ್ರ ನನಗ ಆಗಂಗಿಲ್ಲ. ಇಬ್ರೂ ಒಂದ ಬಸ್ಸಿನಾಗ ಬಂದೀವಿ, ಮಾತಾಡಿಲ್ಲ. ನಿಮ್ಮ ಮಗಳ ಕೆಲಸ ನಾ ಹಿಡದದ್ದ ಆಕಿ ಸೋಲಲಿ ಅಂತ."

ಅವನ ಮುಖದಲ್ಲಿ ಜೀವ ಬಂತು. "ಹೌದೇನ್ರಿ? ಆಕಿ ಏನ್ ಮಾಡ್ಯಾಳ ನಿಮಗ?"

"ಏನೂ ಮಾಡಿಲ್ರಿ. ಅದ ಸಂಕಟ."

"ಹಂಗ ರೀ ಹಂಗ!" ತೊಡೆ ತಟ್ಟಿದ. "ನಮ್ಮಣ್ಣನೂ ಏನೂ ಮಾಡಿಲ್ಲ. ಸುಮ್ನ ಇರ್ತಾನ. ಅವ ಸುಮ್ನ ಇದ್ದಷ್ಟೂ ನನಗ ಉರೀತೈತಿ." ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾವಿಬ್ಬರೂ ಒಂದೇ ಜ್ವರದವರಂತೆ ಸ್ವಲ್ಪ ಹೊತ್ತು ನಮ್ಮ ನಮ್ಮ ಕಥೆ ಹೇಳಿಕೊಂಡೆವು. ಅವಳ ವಾಟ್ಸಾಪ್ ಗುಂಪಿನ ವಿಷಯ ಅವನಿಗೆ ಬಹಳ ಹಿಡಿಸಿತು. "ಅಕ್ಕಾ ಅಂತಾರ? ಥೂ!" ಎಂದ.

ಹಾಗೆ ಮಾತಾಡುತ್ತಿರುವಾಗಲೇ ಉಪಾಯ ಹೊಳೆಯಿತು. ಇವನಿಗೆ ಬೇಕಾದದ್ದು ಐದು ಲಕ್ಷ ಅಲ್ಲ. ಅಣ್ಣನಿಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಅಣ್ಣ ಮೊದಲು ತನ್ನ ನಿಜವಾದ ಆದಾಯ ಹೇಳಿಬಿಟ್ಟರೆ ಇವನೂ ತನ್ನ ನಿಜವನ್ನು ತಲೆಯೆತ್ತಿ ಹೇಳಬಹುದು, ಏಕೆಂದರೆ ಪಾಲಿನ ಹೊಲ ಇಬ್ಬರದೂ ಹೆಚ್ಚುಕಡಿಮೆ ಸಮ, ಇವನ ಎಮ್ಮೆಯ ಹಾಲು ಸೇರಿಸಿದರೆ ಇವನದೇ ಕೂದಲೆಳೆ ಹೆಚ್ಚಾಗಬೇಕು. ಆದರೆ ಅದಕ್ಕೆ ಅಣ್ಣನ ಪಂಚನಾಮೆ ಮೊದಲು ಆಗಬೇಕು. ಎಂದರೆ ಅವಳ ಕಡತ ಮೊದಲು, ನನ್ನದು ಹಿಂದೆ. ಮಂಜೂರಾತಿಯೂ ಅವಳದು ಮೊದಲು. ಕಾಲೇಜಿನಲ್ಲಿ ಹೆಸರೂ ಅವಳದೇ ಮೊದಲು.

ಗೋಡೆಯ ಕಡೆ ನಡೆದೆ. ಸುಳ್ಳೇಕೆ, ಎರಡು ಸಲ ನಿಂತೆ. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಗೋಡೆಯ ಮೇಲೆ ಕೈಯಿಟ್ಟು ಕರೆದೆ. "ಮೇಡಂ, ಒಂದ್ ನಿಮಿಷ ಬರ್ರಿ."

ಅವಳು ಬಂದಳು, ಮುಖ ಬಿಗಿದುಕೊಂಡು.

"ಮೊದಲು ನಿಮ್ಮವರದು ಬರಸ್ರಿ," ಎಂದೆ.

"ಯಾಕ್ರಿ? ಏನೈತಿ ಅದರಾಗ?"

"ನಿಮ್ಮವರು ಇದ್ದದ್ದು ಇದ್ದಂಗ ಹೇಳಿದ್ರ ಸಾಕು. ನಮ್ಮವರು ಅದರ ಮ್ಯಾಲ ಒಂದು ಬೊಗಸಿ ಹಾಕಿ ಹೇಳ್ತಾರ. ಮೊದಲು ನಮ್ಮವರನ್ನ ಕೇಳಿದ್ರ ಬಾಯಿ ತೆಗೆಯಂಗಿಲ್ಲ."

ಅವಳು ನನ್ನನ್ನು ನೋಡಿದಳು. ಗೋಡೆಯ ಈ ಕಡೆ ಕೂತಿದ್ದ ತಮ್ಮನನ್ನು ನೋಡಿದಳು, ಆ ಕಡೆ ಮೀಸೆ ತಿರುವುತ್ತಿದ್ದ ಅಣ್ಣನನ್ನು ನೋಡಿದಳು. ತುಟಿಯ ತುದಿ ಅಲುಗಿತು. "ನಮ್ಮವರ ಲೆಕ್ಕ ಎಂಬತ್ತು ಆಗತೈತ್ರಿ," ಎಂದು ಪಿಸುಗುಟ್ಟಿದಳು.

"ನಮ್ಮದು ತೊಂಬತ್ತು."

"ದೇವ್ರು ದೊಡ್ಡಾಂವ," ಎಂದಳು.

ಅಧಿಕಾರಿ ಬಂದರು. ಪಂಚರು ಬಂದು ಗೋಡೆಯ ಎರಡೂ ಬದಿ ನಿಂತರು. ನಾವು ಕೇಳಿಕೊಂಡಾಗ, ಕ್ರಮ ಯಾವುದಾದರೇನು ಎಂದು ಅಧಿಕಾರಿ ಅಣ್ಣನನ್ನೇ ಮೊದಲು ಕೇಳಿದರು. ಟ್ರ್ಯಾಕ್ಟರಿನ ಆಸೆ ಬಿಟ್ಟಿದ್ದ ಅಣ್ಣ, ಮಗನ ಮುಖ ನೋಡಿ, "ಖರ್ಚು ಹ್ವಾದ ಮ್ಯಾಲ ಎಂಬತ್ತು ಸಾವಿರ ಉಳಿಯೋದು ಕಷ್ಟ ಐತ್ರಿ," ಎಂದ. ಅಧಿಕಾರಿ ಪಹಣಿ ನೋಡಿದರು, ಬೆಳೆ ಕೇಳಿದರು, ಬರೆದುಕೊಂಡರು. ತಮ್ಮನ ಕಡೆ ತಿರುಗಿದರು.

ತಮ್ಮ ಎದ್ದು ನಿಂತ. ಹಳೆಯ ಚಟಕ್ಕೆ ಐದು ಎಂದುಬಿಟ್ಟರೆ ಎಂದು ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಅವನು ಅಣ್ಣನ ಕಡೆ ನೋಡಿ, ಕೊರಳು ಸರಿಮಾಡಿಕೊಂಡು, "ನಂದು ತೊಂಬತ್ತು ಬರಕೋರಿ. ನನ್ನ ಕಡಿ ಎಮ್ಮಿ ಐತಿ," ಎಂದ.

ನಾನು ಉಸಿರು ಬಿಡುವಷ್ಟರಲ್ಲಿ ಅಣ್ಣ ಗೋಡೆಗೆ ಬಂದು ನಿಂತ. "ಸಾಹೇಬ್ರ, ತಡೀರಿ, ಬಣವಿ ಹುಲ್ಲಿನ ರೊಕ್ಕ ಹೇಳೋದು ಮರತೀನಿ..."

"ಹುಲ್ಲು ನಿಮ್ಮ ಎತ್ತು ತಿಂದಾವು!" ಎಂದು ಲಿಂಗಸುಗೂರು ಮೇಡಂ ಅವನ ರಟ್ಟೆ ಹಿಡಿದಳು. ಆ ಜೇನಿನ ದನಿ ಎಲ್ಲಿ ಹೋಗಿತ್ತೋ. "ಸುಮ್ನ ಸಹಿ ಮಾಡ್ರಿ ಅಣ್ಣಾರ, ಇಲ್ಲಾಂದ್ರ ಮಗನ್ನ ಕರಕೊಂಡು ಹುಲ್ಲು ಮಾರಾಕ ಹೋಗ್ರಿ!"

ಪಂಚರು ಗೊಳ್ಳೆಂದು ನಕ್ಕರು. ಅಧಿಕಾರಿ ಬಂದ ನಗೆ ನುಂಗಿಕೊಂಡು, ಹುಲ್ಲು ನಿಜವಾಗಿ ಮಾರಿದ್ದೀರಾ ಎಂದು ಕೇಳಿದರು. ಮಾರಿಲ್ಲ, ಮಾರಬೇಕೆಂದಿದ್ದೆ ಎಂದ. ಪೆನ್ನಿನ ಟೊಪ್ಪಿಗೆ ಮುಚ್ಚಿದರು. ತಮ್ಮನ ಕಾಗದಕ್ಕೆ ಅಣ್ಣ ಸಹಿ ಹಾಕಿದ, ಅಣ್ಣನದಕ್ಕೆ ತಮ್ಮ ಹಾಕಿದ. ತಮ್ಮನ ಸಹಿ ಅಣ್ಣನದಕ್ಕಿಂತ ತುಸು ದೊಡ್ಡದಿತ್ತು.

ಹೊಳ್ಳಿ ಬರುವಾಗ ಬಸ್ಸು ತುಂಬಿತ್ತು, ಇದ್ದದ್ದು ಒಂದೇ ಸೀಟು. ಬಿಗಿದುಕೊಂಡು ಇಬ್ಬರೂ ಕೂತೆವು. ಬಸ್ಸು ಜವಳಗೇರಾ ಊರನ್ನು ದಾಟಿತು. ಆಮೇಲೆ ಅವಳೇ, ಕಿಟಕಿಯ ಹೊರಗೆ ನೋಡುತ್ತ, "ಆ ಹುಡುಗಿ ನನ್ನ ಟೇಬಲ್ಲಿಂದ ಎದ್ದು ನಿಮ್ಮ ಕಡಿ ಬಂದಳಲ್ರಿ, ಅವತ್ತ ನನಗ ಊಟ ಸೇರ್ಲಿಲ್ಲ," ಎಂದಳು. ನನ್ನನ್ನು ಕಂಡು ಒಬ್ಬರು ಊಟ ಬಿಟ್ಟಿದ್ದಾರೆ! ಆ ಸಂತೋಷವನ್ನು ಮುಖದ ಮೇಲೆ ಬಾರದಂತೆ ಸಿಂಧನೂರಿನವರೆಗೆ ತಡೆದುಕೊಳ್ಳುವುದು ದೊಡ್ಡ ಕೆಲಸವಾಯಿತು.

ವರದಿ ಮಸ್ಕಿಗೆ, ಅಲ್ಲಿಂದ ಲಿಂಗಸುಗೂರಿಗೆ ಹೋಯಿತು. ಹಳೆಯವು ರದ್ದಾಗಿ ಹೊಸ ಪ್ರಮಾಣಪತ್ರಗಳು ಬಂದವು. ಪೋರ್ಟಲ್ಲಿನ ಕೊನೆಯ ದಿನಾಂಕ ಪುಣ್ಯಕ್ಕೆ ಎಂದಿನಂತೆ ಮುಂದೆ ಹೋಗಿತ್ತು. ಈ ಸಲ ನಾನು ಹುಡುಗಿಗೆ ಯಾವ ಗಡುವನ್ನೂ ಗಟ್ಟಿಯಾಗಿ ಹೇಳಲಿಲ್ಲ. ಹೊಸ ಸಂಖ್ಯೆ ಒತ್ತಿದೆ, ತಿರುಗುವ ಚಕ್ರ ತಿರುಗಿತು, ಮುಂದಿನ ಪುಟ ತೆರೆಯಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ನೋಡಿ, ದಾಖಲೆ ದೃಢೀಕರಿಸಿ ಕಳಿಸಿದೆ. ಪರೀಕ್ಷೆಯ ಅರ್ಜಿ ತುಂಬುವ ಮೊದಲೇ ಮಂಜೂರಾಯಿತು. ಅಣ್ಣನ ಮಗನದು ಅದಕ್ಕಿಂತ ಮೊದಲು ಆಗಿತ್ತು, ನಾನು ಎಣಿಸಿದಂತೆಯೇ.

ಸಿಬ್ಬಂದಿಯ ಸಭೆಯಲ್ಲಿ ಪ್ರಾಚಾರ್ಯರು ಲಿಂಗಸುಗೂರು ಮೇಡಂ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಅವಳು ಎದ್ದು ನಿಂತು, "ಉಪಾಯ ನಂದಲ್ರಿ, ಮೇಡಮ್ಮಾರದು," ಎಂದು ನನ್ನ ಕಡೆ ಕೈ ತೋರಿಸಿದಳು. ಚಪ್ಪಾಳೆ ಇನ್ನೂ ಜೋರಾಯಿತು, ಅದು ಅವಳ ದೊಡ್ಡ ಮನಸ್ಸಿಗೆ. ನೋಡಿದಿರಾ? ನನಗೆ ಬರಬೇಕಾದದ್ದನ್ನು ನನಗೇ ಕೊಟ್ಟು ಅವಳು ದೊಡ್ಡವಳಾದಳು. ನಾನು ಹಲ್ಲು ಕಿರಿದು ಕೂತೆ.

ಮರುದಿನ ಹುಡುಗಿ ಬಂದು ನನ್ನ ಟೇಬಲ್ಲಿನ ಮುಂದೆ ನಿಂತು ತನ್ನ ಫೋನು ಚಾಚಿದಳು. "ನಮ್ಮಪ್ಪ ಅದಾನ್ರಿ, ನಿಮ್ಮ ಕೂಡ ಮಾತಾಡಬೇಕಂತ." ಉಪಕಾರ ನೆನೆಯಲು ಎಂದುಕೊಂಡು ಕಿವಿಗೆ ಹಿಡಿದೆ. ಅವನು ಕುಶಲ ಕೇಳಲಿಲ್ಲ, ದುಡ್ಡು ಬಂತೇ ಎಂದೂ ಕೇಳಲಿಲ್ಲ.

"ಮೇಡಂ, ನಮ್ಮಣ್ಣ ಊರಾಗೆಲ್ಲ ಹೇಳ್ಕೊಂಡು ತಿರುಗಾಕತ್ತಾನ್ರಿ, ಮಗನ್ನ ಎಂ.ಕಾಂ. ಓದಸ್ತೀನಿ ಅಂತ. ಅದಕ್ಕಿಂತ ಮ್ಯಾಲಿಂದು ಯಾವುದೈತಿ ಹೇಳ್ರಿ. ನನ್ನ ಮಗಳಿಗೆ ಅದನ್ನ ಓದಸ್ತೀನಿ."

ಹುಡುಗಿ ಕೇಳಿಸಿಕೊಂಡಿದ್ದಳು. ಚೀಲ ಎದೆಗವುಚಿಕೊಂಡು ನಿಂತವಳು ತಡೆಯಲಾರದೆ ನಕ್ಕಳು. ಆ ಕಚೇರಿಯಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎಂ.ಎಸ್ಸಿ. ಐತ್ರಿ, ಅದರ ಮ್ಯಾಲ ಪಿಎಚ್.ಡಿ. ಐತಿ," ಎಂದೆ.

"ಎಲ್ಲಕ್ಕಿಂತ ಮ್ಯಾಲಿಂದು ಬರಕೋರಿ," ಎಂದ.